ಎರಡನೇ ಸುತ್ತಿನ ಬ್ರೆಡ್ಡು

ಇಪ್ಪತ್ತೊಂದು ವರ್ಷದ ಹಿಂದೆ ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕೂತು, ಬೀದಿಯವರೆಲ್ಲ ಬ್ರೆಡ್ ಮಾಮ ಎಂದು ಕರೆಯುವ ಬೇಕರಿಯವರು ಯೇಸುವಿಗೆ ಒಂದು ಮಾತು ಕೊಟ್ಟರು: ದಿನ ತುಂಬುವ ಮೊದಲೇ ಹುಟ್ಟಿದ ಮಗಳು ಉಳಿದರೆ, ಭಟ್ಟಿಯಿಂದ ಮೊದಲು ಹೊರಬರುವ ಹನ್ನೆರಡು ಬ್ರೆಡ್ಡು ದಿನವೂ ನಿನ್ನವು.

ಮಗಳು ಉಳಿದಳು. ಈಗ ನಸುಕಿನ ನಾಲ್ಕೂವರೆಗೆ ಅಪ್ಪನ ಪಕ್ಕ ನಿಂತು ನಾದಿದ ಹಿಟ್ಟನ್ನು ತೂಗಿ ಅಚ್ಚಿಗೆ ಹಾಕುತ್ತಿದ್ದಾಳೆ. ಮಾಮ ಕೆಂಡ ಬಳಿದು ತೆಗೆದು, ಒದ್ದೆ ಗೋಣಿಯಿಂದ ಭಟ್ಟಿಯ ನೆಲ ಒರೆಸಿ, ಚಿಟಿಕೆ ಹಿಟ್ಟು ಎಸೆದು ನೋಡುತ್ತಾರೆ. ಅದು ಆ ಕ್ಷಣವೇ ಕಪ್ಪಾಗುತ್ತದೆ. “ಇದರ ಸಿಟ್ಟು ಇನ್ನೂ ಇಳಿದಿಲ್ಲ,” ಎನ್ನುತ್ತ ಮೊದಲ ಸುತ್ತನ್ನು ಒಳಗೆ ತಳ್ಳುತ್ತಾರೆ.

ಕಟ್ಟಿಗೆ ಭಟ್ಟಿಯಲ್ಲಿ ಮೊದಲ ಸುತ್ತು ಬಿಸಿ ಮುರಿಯುವುದಕ್ಕಷ್ಟೇ. ಅದರ ತಳ ಸೀಯುತ್ತದೆ. ಎರಡನೆಯದು ಅಪ್ಪಟ ಬಂಗಾರ. ಮಾಮ ಮೊದಲನೆಯದನ್ನು ಚರ್ಚಿನ ಹಿಂದಿನ ವೃದ್ಧಾಶ್ರಮಕ್ಕೆ ಕಳಿಸಿದರು, ಎರಡನೆಯದನ್ನು ದೊಡ್ಡ ಹೋಟೆಲಿಗೆ ಮಾರಿದರು. ಹತ್ತೊಂಬತ್ತು ವರ್ಷ, ಒಂದು ದಿನವೂ ತಪ್ಪದೆ. ಪಾದ್ರಿಗಳು ಹೊಗಳಿದಾಗ ಮಾಮನ ಎದೆಯೂ ಒಂದಿಷ್ಟು ಉಬ್ಬುತ್ತಿತ್ತು.

ಎರಡು ವರ್ಷದ ಹಿಂದೆ, ಬ್ರೆಡ್ಡು ಮುಟ್ಟಿಸುತ್ತಿದ್ದ ಭಾವಮೈದುನ ಜ್ವರ ಬಂದು ಮಲಗಿದ್ದರಿಂದ ಮಾಮನೇ ಬುಟ್ಟಿ ಹೊತ್ತು ಹೋದರು. ಅಲ್ಲಿ ಕೊಟ್ಟ ಚಹಾ ಕುಡಿಯುತ್ತಿದ್ದಾಗ ಎದುರಿನ ಅಜ್ಜಿ ಚಮಚದಿಂದ ಬ್ರೆಡ್ಡಿನ ಕರಿ ತಳ ಕೆರೆಯುವುದು ಕಂಡಿತು. ಈತ ಯಾರೆಂದು ಅಜ್ಜಿಗೆ ಗೊತ್ತಿಲ್ಲ. “ತಳ ಕೆರೆದ್ರೆ ಒಳಗೆಲ್ಲ ಮೆತ್ತಗೇ ಇರ್ತದಪ್ಪ. ಇದನ್ನ ಕೊಡೋ ಪುಣ್ಯಾತ್ಮನಿಗೋಸ್ಕರ ದಿನಾ ಪ್ರಾರ್ಥನೆ ಮಾಡ್ತೀನಿ,” ಎಂದರು.

“ಮೇಲಿರೋ ಆ ತಂದೆ ನಮಗೋಸ್ಕರ ತನ್ನ ಮಗ ಯೇಸುನೇ ಕೊಟ್ಟ. ನಾನು ಮಾರೋಕಾಗದ್ದನ್ನ ಕೊಟ್ಟೆ,” ಎನ್ನುತ್ತಾರೆ ಮಾಮ. “ನಿಂತ ನೆಲ ಬಾಯಿ ಬಿಡಬಾರದಾ ಅನ್ನಿಸ್ತು.”

ಮರುದಿನದಿಂದ ಎರಡನೇ ಸುತ್ತಿನ ಹನ್ನೆರಡು ಆಶ್ರಮಕ್ಕೆ ಹೋದವು. ಕೊಟ್ಟರೆ ಆ ಸುತ್ತು ಪೂರ್ತಿ ಕೊಡಿ, ಇಲ್ಲವಾದರೆ ಬೇಡ ಎಂದ ಹೋಟೆಲಿನವರು ವಾರದೊಳಗೆ ಬಿಟ್ಟುಹೋದರು. ಭಟ್ಟಿ ಮುಚ್ಚಬೇಕಾದೀತೆಂಬ ಭಯ ಮನೆಯೊಳಗೆ ಬಂದು ಕೂತಿತು. ಸ್ಕೂಟರ್ ಮಾರಿದ್ದಾಯಿತು. ಹೆಂಡತಿ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಎಂಟನೇ ದಿನ ಸೊಂಟಕ್ಕೆ ಸೆರಗು ಸಿಕ್ಕಿಸಿ, ಮೊದಲ ಸುತ್ತಿನ ಸೀದ ಬ್ರೆಡ್ಡಿನ ತಳ ಕತ್ತರಿಸಿ ರಸ್ಕ್ ಮಾಡಲು ನಿಂತರು. ಆ ರಸ್ಕೇ ಮನೆ ಸಾಕಿತು. ನಾಲ್ಕು ತಿಂಗಳಾದ ಮೇಲೆ ಹೋಟೆಲಿನವರು ತಾವಾಗಿಯೇ ಬಂದು, ಮೂರನೇ ಸುತ್ತಾದರೂ ಸರಿ ಎಂದರು. ಆ ದಿನ ಮನೆಯವರೆಲ್ಲ ಕಣ್ತುಂಬ ನಿದ್ದೆ ಮಾಡಿದರು.

ಸ್ಕೂಟರ್ ಮಾತ್ರ ವಾಪಸ್ ಬಂದಿಲ್ಲ. “ಇವರು ಬ್ರೆಡ್ಡು ಕೊಟ್ರು, ದೇವರು ಇವರ ಹೊಟ್ಟೆ ತಗೊಂಡ,” ಎಂದು ಹೆಂಡತಿ ಸೈಕಲ್ ತುಳಿದು ಬೊಜ್ಜು ಕರಗಿದ ಗಂಡನನ್ನು ಛೇಡಿಸುತ್ತಾರೆ.

ಬಿಸಿ ಬುಟ್ಟಿಯನ್ನು ಸೈಕಲ್ಲಿಗೆ ಕಟ್ಟುತ್ತಿರುವ ಮಾಮನಿಗೆ ಇನ್ನೇನು ಆಸೆ? “ಅಜ್ಜಿ ಈಗ ಚಮಚ ಮುಟ್ಟಲ್ಲ. ಅಷ್ಟು ಸಾಕು.”

ಆಸ್ಪತ್ರೆಯ ಬೆಂಚಿನ ಮೇಲೆ ಕೊಟ್ಟ ಮಾತು, ಲೆಕ್ಕ ತಪ್ಪದಿದ್ದರೂ, ಹತ್ತೊಂಬತ್ತು ವರ್ಷ ನಡೆಯಲಿಲ್ಲ. ಎರಡು ವರ್ಷದಿಂದ ನಡೆಯುತ್ತಿದೆ.