ಮೂರನೇ ಸಲವೂ ಬೇಡವೆಂದ ಕಾಫಿ

ಸ್ಟೋರ್‌ಡಾಲ್‌ನಲ್ಲಿ ಮಗುವಿಗೆ ಹೆಸರಿಡಲಿ, ಮದುವೆ ನಡೆಯಲಿ, ಯಾರಾದರೂ ಕಣ್ಣು ಮುಚ್ಚಲಿ, ಚರ್ಚಿನ ನೆಲಮಾಳಿಗೆಯಲ್ಲಿ ಒಲೆ ಹೊತ್ತಿಸುವವಳು ರಾಗ್ನಾ ಟ್ವೇಟ್. ಪಾದ್ರಿ ಬರುವುದು ತಡವಾದರೆ ಜನ ಸುಮ್ಮನೆ ಕಾಯುತ್ತಿದ್ದರು. ರಾಗ್ನಾ ಬರುವುದು ತಡವಾದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಒಂದು ಮೊಟ್ಟೆಯನ್ನು ಚಿಪ್ಪಿನ ಸಮೇತ ಕಾಫಿಪುಡಿಗೆ ಒಡೆದು ಕಲಸಿ, ಆ ಮುದ್ದೆಯನ್ನು ಕುದಿಯುವ ನೀರಿಗೆ ಬಿಟ್ಟು, ಹದ ನೋಡಿ ಮೇಲೊಂದು ಲೋಟ ತಣ್ಣೀರು ಸುರಿದಳೆಂದರೆ ಚರಟವೆಲ್ಲ ತಳಕ್ಕೆ ಕೂರುತ್ತಿತ್ತು. ಮೇಲೆ ಜೇನುಬಣ್ಣದ ತಿಳಿ ಕಾಫಿ ನಿಲ್ಲುತ್ತಿತ್ತು. ಅಮೆರಿಕದ ಮಿನೆಸೋಟಾದಲ್ಲಿ ನೆಲೆಸಿದ ನಮ್ಮ ನಾರ್ವೆಯವರ ಊರುಗಳಲ್ಲೆಲ್ಲ ಹೆಂಗಸರು ಹೀಗೇ ಮಾಡುತ್ತಾರೆ, ಆದರೆ ರಾಗ್ನಾಳ ಕೈಯ ರುಚಿ ಬೇರೆ. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದಿದ್ದು ಊರಂಚಿನ ಒಂದು ಮನೆ, ಒಂದಷ್ಟು ಕೋಳಿ, ಸೆಲ್ಮರ್ ಎಂಬ ಒಬ್ಬನೇ ಮಗ, ಮತ್ತೆ ಈ ಕಾಫಿಯ ಹೆಸರು.

ನಮ್ಮವರ ಇನ್ನೊಂದು ರೂಢಿಯನ್ನೂ ಹೇಳಿಬಿಡಬೇಕು. ಕಾಫಿ ಬೇಕೇ ಎಂದು ಕೇಳಿದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೇ ಸಲ ಕೇಳಿದರೆ, ಅಯ್ಯೋ ನಿಮಗೆ ಯಾಕೆ ತೊಂದರೆ ಎನ್ನಬೇಕು. ಮೂರನೇ ಸಲ ಕೇಳಿದರೆ, ಸರಿ ಒಂದರ್ಧ ಬಟ್ಟಲು ಎಂದು ಮುಂದಕ್ಕೆ ಹಿಡಿದು ತುಂಬ ಹಾಕಿಸಿಕೊಳ್ಳಬೇಕು. ಶಾಲೆಯಲ್ಲಿ ಪಾಠ ಹೇಳಲು ಶಿಕಾಗೋದಿಂದ ಬಂದ ಮಿಸ್ ಪ್ರೆಂಟಿಸ್‌ಗೆ ಮೊದಮೊದಲು ಇದು ತಿಳಿಯದು. ಹಸು ಸಾಕಿಕೊಂಡಿದ್ದ ಹಾಲ್ವರಜ್ಜ ಅವಳ ಮನೆಗೆ ಹೋದಾಗ ಒಮ್ಮೆ ಕೇಳಿ, ಅವನು ಬೇಡ ಎಂದದ್ದೇ ತಡ, ಪಾತ್ರೆಯನ್ನು ಒಳಗಿಟ್ಟುಬಿಟ್ಟಳು. ಅಜ್ಜ ಒಣಗಿದ ಗಂಟಲಲ್ಲಿ ಮನೆಗೆ ನಡೆದು ಬಂದು ವರ್ಷವಿಡೀ ಅದನ್ನೇ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಆದರೆ ಮೂರನೇ ಸಲವೂ ಬೇಡ ಎಂದವರನ್ನು ನಮ್ಮೂರು ಕಂಡಿರಲಿಲ್ಲ. ಹಾಗೆಂದರೆ ಆ ಮನೆಯ ಹೊಸಿಲೇ ಬೇಡ ಎಂದಂತೆ.

ಯುದ್ಧ ಬಂತು, ಎಲ್ಲಕ್ಕೂ ಪಡಿತರದ ಚೀಟಿ ಬಂತು. ಮೊದಲು ಸಕ್ಕರೆ, ಆಮೇಲೆ ಪೆಟ್ರೋಲು, ಕಾಫಿ, ಜೋಡು, ಡಬ್ಬಿಯ ಬಟಾಣಿ, ಕೊನೆಗೆ ಮಾಂಸ. ದಿನಸಿ ಅಂಗಡಿಯ ಗಿಲ್ಬರ್ಟ್‌ಸನ್ ಸರ್ಕಾರ ಕಟ್ಟಿದ ಬೆಲೆಗಳ ಹಾಳೆಯನ್ನು ಗೋಡೆಗೆ ಹೊಡೆದು, ಯಾರು ಏನು ಕೇಳಿದರೂ ಅದರ ಕಡೆ ಬೆರಳು ತೋರಿಸುತ್ತಿದ್ದ. ಕಾಫಿಯ ಬೆಲೆ ಕೈಗೆಟುಕುವಂತೆಯೇ ಇತ್ತು, ಒಂದು ಪೌಂಡಿಗೆ ಕಾಲು ಡಾಲರ್ ಕೊಟ್ಟರೆ ಚಿಲ್ಲರೆ ಬರುತ್ತಿತ್ತು. ಆದರೆ ಚೀಟಿ ಇಲ್ಲದವನು ಚಿನ್ನ ಕೊಟ್ಟರೂ ಸಿಗದು, ಚೀಟಿ ಇದ್ದವರಿಗೂ ತಲೆಗೊಂದು ಪೌಂಡು, ಅದೇ ಐದು ವಾರಕ್ಕೆ. ದಿನಕ್ಕೆ ಹತ್ತು ಬಟ್ಟಲು ಇಳಿಸುವ ಜನ ನಾವು. ಬಳಸಿದ ಚರಟವನ್ನೇ ಒಣಗಿಸಿ ಮತ್ತೆ ಕುದಿಸಿದರು, ಬಾರ್ಲಿ ಹುರಿದು ಬೆರೆಸಿದರು. ಭಾನುವಾರ ಸಂಜೆಯ ರೇಡಿಯೋ ವಿದೂಷಕರೂ ಕಾಫಿಯನ್ನೇ ಹಿಡಿದುಕೊಂಡು ನಗಿಸುತ್ತಿದ್ದರು.

"ಬ್ರೆಡ್ಡು ಹೆಚ್ಚಿ ಮಾರಬಾರದು ಅಂದ್ರು, ಸಹಿಸ್ಕೊಂಡೆ," ಎಂದು ರಾಗ್ನಾಳ ಪಕ್ಕದ ಮನೆಯ ಬೋರ್ಗಿಲ್ಡ್ ಅಂಗಡಿಯಲ್ಲಿ ನಿಂತು ಸಿಡುಕುತ್ತಿದ್ದಳು. "ಹಂದಿಕೊಬ್ಬು ಬಸಿದು ಡಬ್ಬಿಗೆ ತುಂಬಿ ಕಟುಕನಿಗೆ ಕೊಡಿ, ಮದ್ದುಗುಂಡು ಮಾಡ್ತೀವಿ ಅಂದ್ರು, ಅದನ್ನೂ ಕೊಟ್ಟೆ. ನನ್ನ ಮಗಳು ಕಾಲ್ಚೀಲ ಸಿಗದೆ ಕಾಲಿಗೆ ಬಣ್ಣ ಬಳ್ಕೊಂಡು, ಹಿಂದೆ ಹುಬ್ಬಿನ ಪೆನ್ಸಿಲ್ಲಲ್ಲಿ ಹೊಲಿಗೆ ಗೆರೆ ಎಳ್ಕೊಂಡು ಸಿನಿಮಾಕ್ಕೆ ಹೋಗ್ತಾಳೆ, ಮಳೆ ಬಂದ್ರೆ ಅಳ್ತಾ ವಾಪಸ್ ಬರ್ತಾಳೆ. ಎಲ್ಲಾ ಆಯ್ತು. ಆದ್ರೆ ಈ ಬಾರ್ಲಿ ನೀರಿಗೆ ಕಾಫಿ ಅಂತ ನಾನು ಕರೆಯಲ್ಲಪ್ಪ!"

"ಕರೀಬೇಡ, ಸುಮ್ನೆ ಕುಡಿ," ಎಂದ ಗಿಲ್ಬರ್ಟ್‌ಸನ್.

ಬೋರ್ಗಿಲ್ಡ್‌ಳ ನಾಲಗೆ ಚಾಟಿ, ಆದರೆ ಅವಳ ಇಬ್ಬರು ಗಂಡುಮಕ್ಕಳೂ ಸಮುದ್ರದ ಮೇಲಿದ್ದರು. ಅವಳ ಕಿಟಕಿಯಲ್ಲಿ, ಯುದ್ಧಕ್ಕೆ ಹೋದ ಮಗನಿಗೊಂದರಂತೆ, ಎರಡು ನೀಲಿ ನಕ್ಷತ್ರ ಹೊಲಿದ ಬಟ್ಟೆ ತೂಗುತ್ತಿತ್ತು. ರಾಗ್ನಾಳ ಕಿಟಕಿಯಲ್ಲೂ ಒಂದು ನಕ್ಷತ್ರವಿತ್ತು, ಸಾವಿರದ ಒಂಬೈನೂರ ನಲವತ್ಮೂರರ ವಸಂತದವರೆಗೆ. ಆಗ ಸೈನ್ಯ ಸೆಲ್ಮರ್‌ನನ್ನು ಪೆಸಿಫಿಕ್ ದ್ವೀಪಗಳಿಂದ ಮನೆಗೆ ಕಳಿಸಿಬಿಟ್ಟಿತು, ರಾಗ್ನಾ ಬಟ್ಟೆಯನ್ನು ಮಡಚಿ ಒಳಗಿಟ್ಟಳು.

ಮಗ ರೈಲಿನಿಂದ ಇಳಿದಾಗ ಎರಡು ಕೈ, ಎರಡು ಕಾಲು, ಎಲ್ಲ ನೆಟ್ಟಗಿದ್ದವು. ಅದೇ ಕಷ್ಟವಾಯಿತು. ಒಂದು ಕೋಲು ಹಿಡಿದು ಕುಂಟುತ್ತ ಬಂದಿದ್ದರೆ ಊರಿಗೆ ಅರ್ಥವಾಗುತ್ತಿತ್ತು. ಇವನ ಕೈ ನಡುಗುತ್ತಿತ್ತು, ಅಷ್ಟೆ. ಹತ್ತು ಮಾತು ಕೇಳಿದರೆ ಒಂದಕ್ಕೆ ಉತ್ತರ. ಬಾಗಿಲು ಧಡ್ಡೆಂದರೆ ಮೇಜಿನ ಕೆಳಗಿರುತ್ತಿದ್ದ. ಸೈನ್ಯದ ಡಾಕ್ಟರು ನರದ ತೊಂದರೆ ಎಂದು ಹೇಳಿ ಕೈ ತೊಳೆದುಕೊಂಡಿದ್ದರು. ಎಲ್ಲಕ್ಕಿಂತ ಅವನನ್ನು ಕಾಡಿದ್ದು ಟೆಲಿಫೋನ್ ಗಂಟೆ. ನಮ್ಮ ಬೀದಿಗೆಲ್ಲ ಒಂದೇ ತಂತಿ; ಯಾರ ಮನೆಗೆ ಕರೆ ಬಂದರೂ ಎಲ್ಲರ ಮನೆಯಲ್ಲೂ ಬಡಿಯುತ್ತದೆ, ಎಲ್ಲರೂ ಮೆಲ್ಲಗೆ ಎತ್ತಿ ಕೇಳಿಸಿಕೊಳ್ಳುತ್ತಾರೆ. ಅದು ಕದ್ದು ಕೇಳುವುದೆಂದು ನಮಗೆ ಅನ್ನಿಸಿದ್ದೇ ಇಲ್ಲ. ರಾಗ್ನಾ ಗಂಡನ ಹಳೆಯ ಉಣ್ಣೆಯ ಕಾಲ್ಚೀಲವೊಂದನ್ನು ತಂದು ಗಂಟೆಗೆ ಬಿಗಿದು ಕಟ್ಟಿದಳು. ಮನೆ ತಣ್ಣಗಾಯಿತು.

ಊರು ಸೆಲ್ಮರ್ ಬಗ್ಗೆ ಏನೂ ಅನ್ನಲಿಲ್ಲ. ಆ ಏನೂ ಅನ್ನದಿರುವುದೇ ರಾಗ್ನಾಳನ್ನು ಕೊರೆಯತೊಡಗಿತು. ತಮ್ಮ ಮಕ್ಕಳು ಅಲ್ಲಿ ಗುಂಡಿಗೆ ಎದೆ ಕೊಟ್ಟು ನಿಂತಿರುವಾಗ ನನ್ನವನು ಮೈಯಲ್ಲಿ ಗಾಯವಿಲ್ಲದೆ ಮನೆಗೆ ಬಂದ ಎಂದು ಇವರು ಒಳಗೊಳಗೇ ಅಂದುಕೊಳ್ಳುತ್ತಿರಬಹುದೇ? ಅವಳಿಗೆ ಬೇಕಿದ್ದುದು ಒಂದೇ. ಇವನು ನಮ್ಮವನು ಎಂದು ಊರು ಮೊದಲಿನಂತೆಯೇ ಒಪ್ಪಬೇಕು. ಒಪ್ಪದಿದ್ದರೆ ಹುಡುಗ ಈ ಮನೆಯೊಳಗೇ ಮುದುಕನಾಗುತ್ತಾನೆ ಎಂದು ಅವಳ ಎದೆ ಹೇಳುತ್ತಿತ್ತು.

ಹಾಗಾಗಿ, ಬರುವ ಭಾನುವಾರ ಚರ್ಚು ಮುಗಿದ ಮೇಲೆ ಮನೆಗೆ ಬನ್ನಿ ಎಂದು ಎಲ್ಲರನ್ನೂ ಕರೆದಳು.

"ಅಮ್ಮ, ಬೇಡ," ಎಂದ ಸೆಲ್ಮರ್.

"ನೀನು ಅಡುಗೆಮನೇಲಿ ಕೂತಿರು. ಬರ್ಬೇಕು ಅನ್ನಿಸಿದ್ರೆ ಬಾ, ಇಲ್ಲದಿದ್ರೆ ಇಲ್ಲ. ನಾನೇನೂ ಕೈ ಹಿಡಿದು ಎಳೆಯಲ್ಲ."

"ಕಾಫಿ ಎಲ್ಲಿದೆ ಅಷ್ಟು ಜನಕ್ಕೆ? ನನ್ನ ಚೀಟಿ ಪುಸ್ತಕ ಇನ್ನೂ ಬಂದಿಲ್ಲ."

"ಇದೆ, ಸುಮ್ನಿರೋ."

ಇದ್ದುದು ಹಿಂದಿನ ದಿನವಷ್ಟೇ ಅವಳ ಚೀಟಿಗೆ ತಂದಿದ್ದ ಒಂದು ಪೌಂಡು. ಭಾನುವಾರ ಬೆಳಗ್ಗೆ ಅದಷ್ಟನ್ನೂ ಬೋಗುಣಿಗೆ ಸುರಿದು ಮೊಟ್ಟೆ ಒಡೆದಳು. ಬಾರ್ಲಿಯ ಡಬ್ಬಿಯ ಕಡೆ ಕೈ ಹೋಯಿತು, ತಾನೇ ಹಿಂದಕ್ಕೆ ಬಂತು. ಮಗನ ಕಾಫಿಗೆ ಕಲಬೆರಕೆ ಮಾಡಲಾರಳು.

ಎಲ್ಲರೂ ಬಂದರು. ಅದನ್ನು ಕಂಡೇ ರಾಗ್ನಾಳ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಪಾದ್ರಿಯ ಹೆಂಡತಿ, ಗಿಲ್ಬರ್ಟ್‌ಸನ್, ಮಿಸ್ ಪ್ರೆಂಟಿಸ್, ಹೊಸ ರಿಬ್ಬನ್ ಹಾಕಿದ ಹಳೆ ಟೋಪಿಯ ಬೋರ್ಗಿಲ್ಡ್, ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದ ಹಾಲ್ವರಜ್ಜ. ಕುರ್ಚಿ ಸಾಲದೆ ಮೆಟ್ಟಿಲ ಮೇಲೂ ಕೂತರು. ಹವಾಮಾನದ ಮಾತಾಯಿತು, ಜೋಳದ ಮಾತಾಯಿತು. ರಾಗ್ನಾ ದೊಡ್ಡ ನೀಲಿ ಪಾತ್ರೆ ಹಿಡಿದು ಹೊರಬಂದಳು.

"ಕಾಫಿ, ಹಾಲ್ವರಜ್ಜ?"

"ಬೇಡಮ್ಮ."

ಸರಿಯೇ, ಮೊದಲ ಸಲ. ಎಲ್ಲರನ್ನೂ ಕೇಳಿಕೊಂಡು ಬಂದಳು, ಎಲ್ಲರೂ ಬೇಡ ಎಂದರು. ಎರಡನೇ ಸುತ್ತು ಹೋದಳು.

"ಈಗಷ್ಟೇ ಕುಡಿದು ಬಂದೆ ಕಣೇ," ಎಂದಳು ಬೋರ್ಗಿಲ್ಡ್. ಪಾದ್ರಿಯ ಹೆಂಡತಿಗೆ ಎದೆಯುರಿಯಂತೆ. ಗಿಲ್ಬರ್ಟ್‌ಸನ್‌ಗೆ ಡಾಕ್ಟರು ಬೇಡ ಎಂದಿದ್ದಾರಂತೆ.

ರಾಗ್ನಾ ನಕ್ಕು, ಮೂರನೇ ಸಲ ಹಾಲ್ವರಜ್ಜನ ಬಟ್ಟಲಿಗೆ ಪಾತ್ರೆಯನ್ನು ಬಾಗಿಸಿಯೇಬಿಟ್ಟಳು. ಅಜ್ಜ ಬಟ್ಟಲಿನ ಮೇಲೆ ಅಂಗೈ ಮುಚ್ಚಿದ.

"ಬೇಡ ಮಗಳೇ."

ಪಕ್ಕದವರೂ ಬೇಡ. ಅದರ ಪಕ್ಕದವರೂ ಬೇಡ. ಮಿಸ್ ಪ್ರೆಂಟಿಸ್ ಕೂಡ, ಈಚೆಗೆ ರೂಢಿ ಕಲಿತು ಮೂರನೇ ಸಲಕ್ಕೆ ಸರಿಯಾಗಿ ಹೂಂ ಎನ್ನುತ್ತಿದ್ದವಳು, ಬೇಡ ಎಂದು ತಲೆ ತಗ್ಗಿಸಿದಳು. ರಾಗ್ನಾಳ ಕಾಲು ತಾನಾಗಿಯೇ ಅಡುಗೆಮನೆಗೆ ನಡೆಯಿತು. ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಮಗ ಮೂಲೆಯ ಸ್ಟೂಲಿನ ಮೇಲೆ ಕೂತು ಅವಳನ್ನೇ ನೋಡುತ್ತಿದ್ದ. ಅವನಿಗೂ ಎಲ್ಲ ಕೇಳಿಸಿತ್ತು.

ನಮ್ಮವರು ಯಾರೂ ಮುಖಕ್ಕೆ ಮುಖ ಕೊಟ್ಟು ಏನನ್ನೂ ಕೇಳುವವರಲ್ಲ. ಆದರೆ ಮಗನ ಆ ನೋಟ ಕಂಡ ಮೇಲೆ ರಾಗ್ನಾಳಿಗೆ ರೂಢಿಯೂ ಬೇಡವಾಯಿತು, ಮರ್ಯಾದೆಯೂ ಬೇಡವಾಯಿತು. ಹಜಾರದ ಬಾಗಿಲಲ್ಲಿ ಬಂದು ನಿಂತಳು.

"ನಿಮ್ಮ ಮನೆ ಸಾವಿಗೆಲ್ಲಾ ನಾನು ಕಾಫಿ ಕಾಸಿದೀನಿ. ಬದುಕಿ ಬಂದ ನನ್ನ ಮಗನಿಗೆ ಕಾಸಿದ್ರೆ ನಿಮಗೆ ಗಂಟಲಲ್ಲಿ ಇಳಿಯಲ್ವಾ? ಅವನು ಏನು ತಪ್ಪು ಮಾಡಿದಾನೆ, ಹೇಳಿ! ಬೋರ್ಗಿಲ್ಡ್, ನೀನೇ ಹೇಳೇ!"

ಬೋರ್ಗಿಲ್ಡ್ ಖಾಲಿ ಬಟ್ಟಲನ್ನು ಮೇಜಿನ ಮೇಲಿಟ್ಟು ಎದ್ದಳು.

"ಏನೇ ಇದು, ಮಾರಾಯ್ತಿ?" ಎಂದಳು. "ನಿನಗೆ ಕೇಳಿಸ್ಲಿಲ್ವಾ? ಗುರುವಾರ ಪಾದ್ರಿ ಹೆಂಡ್ತಿಗೆ ನಾನು ಫೋನಲ್ಲಿ ಹೇಳಿದ್ನಲ್ಲ, ರಾಗ್ನಾಗೆ ಇರೋದೇ ಒಂದು ಚೀಟಿ, ಅವಳ ಮನೇಲಿ ಯಾರೂ ಒಂದು ಹನಿ ಮುಟ್ಟಬಾರದು, ಹುಡುಗನಿಗೆ ಇರ್ಲಿ ಅಂತ? ಇಡೀ ಬೀದಿ ಕೇಳಿಸ್ಕೊಂಡಿದೆ. ನೀನೂ ಕೇಳಿಸ್ಕೊಂಡು ಕಾಫಿ ಕಾಸೋದೇ ಬಿಡ್ಲಿ ಅಂತಾನೇ ಫೋನಲ್ಲಿ ಹೇಳಿದ್ದು!"

"ಹೌದಮ್ಮ," ಎಂದಳು ಪಾದ್ರಿಯ ಹೆಂಡತಿ. "ನೀವು ಮರ್ಯಾದೆಗೆ ಮೂರು ಸಲ ಕೇಳ್ತಿದೀರಿ, ಪಾತ್ರೆ ಖಾಲಿ ಇರತ್ತೆ ಅಂತ ಅಂದ್ಕೊಂಡಿದ್ವಿ."

ರಾಗ್ನಾ ಗೋಡೆಯ ಮೇಲಿನ ಟೆಲಿಫೋನಿನ ಕಡೆ ಕೈ ತೋರಿಸಿದಳು. ಹೇಳಲು ನಾಚಿಕೆಯಾಯಿತು, ಆದರೂ ಹೇಳಿದಳು. "ನಮ್ಮನೆ ಗಂಟೆಗೆ ಕಾಲ್ಚೀಲ ಕಟ್ಟಿದೀನಿ. ಆ ಸದ್ದು ಅವನಿಗೆ... ಅವನಿಗೆ ಆಗಲ್ಲ."

ಎಲ್ಲರ ಕಣ್ಣೂ ಗೋಡೆಯ ಮೇಲಿನ ಆ ಬೂದುಬಣ್ಣದ ಗಂಟಿನ ಮೇಲೆ ಹೋಯಿತು. ಆಮೇಲೆ ಅವಳ ಹಿಂದೆ ಹೋಯಿತು. ಅಲ್ಲಿ ಸೆಲ್ಮರ್ ನಿಂತಿದ್ದ, ಎರಡೂ ಕೈಯಲ್ಲಿ ನೀಲಿ ಪಾತ್ರೆ. ಮುಚ್ಚಳ ಕಟಕಟ ಸದ್ದು ಮಾಡುತ್ತಿತ್ತು. ರಾಗ್ನಾ ಪಾತ್ರೆಗೆ ಕೈ ಚಾಚಿದಳು, ಅವನು ಕೊಡಲಿಲ್ಲ. ತಾಯಿಯನ್ನು ದಾಟಿ ನೇರ ಹಾಲ್ವರಜ್ಜನ ಮುಂದೆ ಹೋಗಿ ನಿಂತ.

"ಕಾಫಿ?" ಎಂದ.

"ಹಾಕಪ್ಪ," ಎಂದ ಅಜ್ಜ, ಆ ಮೊದಲ ಸಲಕ್ಕೇ.

ಸೆಲ್ಮರ್ ಬಗ್ಗಿಸಿದ. ಕೈ ಅವನ ಮಾತು ಕೇಳಲಿಲ್ಲ. ಅರ್ಧ ಬಟ್ಟಲಿಗೆ ಬಿತ್ತು, ಅರ್ಧ ಕೆಳಗಿನ ತಟ್ಟೆಗೆ ಚೆಲ್ಲಿತು. ಹುಡುಗನ ಮುಖ ಕಿವಿಯವರೆಗೆ ಕೆಂಪೇರಿತು. ರಾಗ್ನಾಳಿಗೆ ಕಣ್ಣು ಮುಚ್ಚಿಕೊಳ್ಳಬೇಕೆನ್ನಿಸಿತು.

ಅಜ್ಜ ಬಟ್ಟಲನ್ನು ಮೇಜಿನ ಮೇಲಿಟ್ಟ. ತಟ್ಟೆಯನ್ನು ಮೂರು ಬೆರಳ ಮೇಲೆ ನಿಲ್ಲಿಸಿಕೊಂಡು ಊದಿ ಊದಿ ಸೊರ್ರೆಂದು ಹೀರಿದ. ಹಳೆಯ ದೇಶವಾದ ನಾರ್ವೆಯಿಂದ ಬಂದ ಮುದುಕರು ಹೀಗೇ ಕುಡಿಯುತ್ತಿದ್ದದ್ದು. ನಾವು ಅವರ ಮೊಮ್ಮಕ್ಕಳು ಅದು ಹಳ್ಳಿಗರ ಲಕ್ಷಣವೆಂದು ನಾಚಿ ಎಂದೋ ಬಿಟ್ಟಿದ್ದೆವು.

"ಹಾಂ! ಇದು ಕಾಫಿ," ಎಂದ ಅಜ್ಜ ಮೀಸೆ ಒರೆಸುತ್ತ. "ತಟ್ಟೇಲಿ ಕುಡಿದ್ರೇನೇ ಇದರ ರುಚಿ. ಹುಡುಗನಿಗೆ ಗೊತ್ತು, ನಿಮಗೇ ಮರೆತಿರೋದು."

"ನನಗೂ ಹಾಕೋ," ಎಂದಳು ಬೋರ್ಗಿಲ್ಡ್, ಬಟ್ಟಲು ಮುಂದೆ ಹಿಡಿದು. ಚೆಲ್ಲಿತು. ಅವಳು ಬಟ್ಟಲಿನಲ್ಲಿ ಉಳಿದದ್ದನ್ನೂ ತಟ್ಟೆಗೆ ಸುರಿದುಕೊಂಡು ಎರಡೂ ಕೈಯಲ್ಲಿ ಎತ್ತಿ ಹೀರಿದಳು. ಕಣ್ಣೀರು ಮೂಗಿನ ತುದಿಯಿಂದ ತಟ್ಟೆಗೆ ಬೀಳುತ್ತಿದ್ದರೂ ನಿಲ್ಲಿಸಲಿಲ್ಲ. ತನ್ನ ಇಬ್ಬರನ್ನೂ ನೆನೆದುಕೊಂಡಿರಬೇಕು. ಪಾದ್ರಿಯ ಹೆಂಡತಿ ಹಾಗೇ ಮಾಡಿದಳು. ಡಾಕ್ಟರು ಬೇಡ ಎಂದಿದ್ದ ಗಿಲ್ಬರ್ಟ್‌ಸನ್ ಎರಡು ಸಲ ಹಾಕಿಸಿಕೊಂಡ. ಮಿಸ್ ಪ್ರೆಂಟಿಸ್ ತಟ್ಟೆ ಹಿಡಿಯಲು ಬಾರದೆ ಬಿಳಿ ರವಿಕೆಯ ಮೇಲೆಲ್ಲ ಸುರಿದುಕೊಂಡಳು, ಎಲ್ಲರೂ ನಕ್ಕರು, ಅವಳೂ ನಕ್ಕಳು, ಸೆಲ್ಮರ್‌ನ ತುಟಿಯ ಒಂದು ಕೊನೆಯೂ ಮೇಲಕ್ಕೆದ್ದಿತು. ಮನೆಯ ತುಂಬ ಸೊರ್ ಸೊರ್ ಎಂಬ ಸದ್ದು.

"ನಾಳೆ ಬೆಳಗ್ಗೆ ಹಾಲು ಕರೆಯೋಕೆ ಬರ್ತೀಯೇನೋ?" ಎಂದು ಹಾಲ್ವರಜ್ಜ ಹೊರಡುವಾಗ ಕೇಳಿದ. "ನನ್ನ ಹಸುಗಳಿಗೆ ಫೋನ್ ಇಲ್ಲ."

"ಬರ್ತೀನಿ," ಎಂದ ಸೆಲ್ಮರ್.

ಜನ ಹೋದ ಮೇಲೆ ರಾಗ್ನಾ ಪಾತ್ರೆ ತೊಳೆಯಲು ಬಂದಳು. ಅವಳಿಗೆ ಒಂದು ಗುಟುಕೂ ಉಳಿದಿರಲಿಲ್ಲ, ಮುಂದಿನ ಚೀಟಿಯವರೆಗೆ ಬಾರ್ಲಿ ನೀರೇ ಗತಿ. ಮೇಜಿನ ಮೇಲೆ ತಟ್ಟೆಗಳು ಸಾಲಾಗಿ ಕೂತಿದ್ದವು, ಎಲ್ಲವೂ ಒದ್ದೆ, ಎಲ್ಲದರಲ್ಲೂ ಕಂದು ಕಲೆ. ಮಗ ಚೆಲ್ಲಿದ್ದು ಯಾವುದು, ಅವರಾಗಿಯೇ ಸುರಿದುಕೊಂಡದ್ದು ಯಾವುದು ಎಂದು ಅವಳು ಒಂದೊಂದನ್ನೂ ಎತ್ತಿ ನೋಡಿದಳು, ಗೊತ್ತಾಗಲಿಲ್ಲ. ಇಂಥ ಊರಿನಲ್ಲಿ ಹುಟ್ಟಿಸಿದೆಯಲ್ಲ ದೇವರೇ, ನಿನ್ನ ಉಪಕಾರ ದೊಡ್ಡದು ಎಂದು ಬಾಯಿಬಿಟ್ಟೇ ಹೇಳಿದಳು. ಆಮೇಲೆ ಕುರ್ಚಿ ಎಳೆದುಕೊಂಡು, ತೊಳೆಯದ ಆ ತಟ್ಟೆಗಳ ಮುಂದೆ ಸುಮ್ಮನೆ ಕೂತಳು.