ಔರಾದದಾಗ ಹಿಮ ಯಾವಾಗ ಬೀಳ್ತದ್ರಿ?

ದೋಸ್ತರ, ಇವತ್ತು ಬೀದರದ ಸರ್ಕಾರಿ ಆಫೀಸಿನಾಗ ನಾ ಗೆದ್ದು ಬಂದೀನಿ! ಔರಾದ, ಭಾಲ್ಕಿ ಸಾಲಿಗಳಿಗೆ ಕಬ್ಬಿಣದ ಬೆಂಚಿನ ಟೆಂಡರ್ ಕರದಾರ. ಈ ಸಲ ಪರದೇಶದ ಕಂಪನಿಗಳೂ ಹಾಕಬಹುದು. ಹಾಕಲಿ, ನಂದೇನೂ ತಕರಾರಿಲ್ಲ. ಆದರ ಅದರಾಗ ಒಂದು ಷರತ್ತಿತ್ತು: ಬೆಂಚು ಮೈನಸ್ ಇಪ್ಪತ್ತು ಡಿಗ್ರಿ ಚಳಿ ತಡೀಬೇಕು, ಅದಕ್ಕ ಯುರೋಪಿನ ಸರ್ಟಿಫಿಕೇಟ್ ಇರಬೇಕು. ಇಲ್ಲೇ ಬೀದರದ ನೌಬಾದದಾಗ ಹನ್ನೆರಡು ವರ್ಷದಿಂದ ಬೆಂಚು ಮಾಡೋಕಿ ನಾ, ಆ ಕಾಗದ ಎಲ್ಲಿಂದ ತರಲಿ?

ಟೆಂಡರ್ ಹಾಕೋರ ತಕರಾರು ಕೇಳಲಾಕ ಇವತ್ತು ಮೀಟಿಂಗ್ ಇತ್ತು. ಎದ್ದು ನಿಂತು ಕೇಳೇಬಿಟ್ಟೆ: "ಸಾಹೇಬ್ರ, ಔರಾದದಾಗ ಹಿಮ ಯಾವ ತಿಂಗಳಾಗ ಬೀಳ್ತದ್ರಿ?"

ಸಾಹೇಬ್ರು ಕ್ಲರ್ಕನ ಮಾರಿ ನೋಡಿದ್ರು. ಕ್ಲರ್ಕ್ ಮೆಲ್ಲಗ ಅಂದ, "ಒಂದು ಪರದೇಶದ ಕಂಪನಿ ಕ್ಯಾಟಲಾಗ್ ನೋಡಿ ಹಂಗೇ ಇಳಿಸೀವ್ರಿ."

ಆ ಕಂಪನಿ ಏಜೆಂಟ್ ಕೋಟು ಹಾಕ್ಕೊಂಡು ಹೈದರಾಬಾದಿನಿಂದ ಬಂದಿದ್ದ. "ಮೇಡಂ, ಈಗ ಮಾರ್ಕೆಟ್ ಓಪನ್ ಆಗ್ಯದ್ರಿ. ಇದು ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್" ಅಂದ.

"ಓಪನ್ ಅಂದ್ರ ಎಲ್ಲಾರಿಗೂ ಓಪನ್ ರೀ. ಒಬ್ಬರ ಬೆಂಚಿನ ಅಳತಿಗೆ ಟೆಂಡರ್ ಹೊಲೀರಿ ಅಂತ ಯಾವ ದೇಶದ ಕಾಯ್ದೆ ಹೇಳ್ತದ? ನಿಮ್ಮ ಬೆಂಚು, ನನ್ನ ಬೆಂಚು ಎರಡೂ ಮೇ ತಿಂಗಳ ಬಿಸಲಾಗ ಇಟ್ಟು ನೋಡೋಣು ಬರ್ರಿ" ಅಂದೆ.

ಸಾಹೇಬ್ರು ಎಲ್ಲಾರ ಮುಂದ ಆ ಷರತ್ತಿನ ಮ್ಯಾಲ ಕೆಂಪು ಪೆನ್ನಿಲೆ ಗೆರಿ ಎಳದ್ರು. ಸಂಜಿಗೆ ತಿದ್ದುಪಡಿ ವೆಬ್‌ಸೈಟಿನಾಗೂ ಬಂತು!

ಇನ್ನ ಮಜಾ ಕೇಳ್ರಿ. ಅಷ್ಟೊತ್ತು ಹಿಮದ ಪರವಾಗಿ ವಾದ ಮಾಡಿದ ಏಜೆಂಟ್, ಮೀಟಿಂಗ್ ಮುಗದ ಕೂಡಲೇ ಕೋಟು ಬಿಚ್ಚಿ ಕೈಯಾಗ ಹಿಡ್ಕೊಂಡು, ಬೆವರು ಒರಸ್ಕೋತ ಹೊರಗ ಬಂದು ನನಗೇ ಕೇಳಿದ: "ಅಕ್ಕಾ, ಇಲ್ಲಿ ಥಂಡಾ ನೀರು ಎಲ್ಲಿ ಸಿಗ್ತಾವ್ರಿ?"