ಚಿಗವ್ವನ ಚಿತ್ರಕ್ಕೆ ಬಂಗಾರದ ನೀರು

ನಿಮ್ಮ ಮನೆಯ ಮದುವೆಯ ಆಲ್ಬಮ್ಮಿನಲ್ಲಿ, ಗಂಡನನ್ನು ಕಳೆದುಕೊಂಡ ಹೆಂಗಸು ಎಲ್ಲಿ ನಿಂತಿದ್ದಾಳೆ?

ನಮ್ಮ ಮನೆಯ ಆಲ್ಬಮ್ಮಿನಲ್ಲಿ ಅವಳು ಇಲ್ಲವೇ ಇಲ್ಲ. ಅವಳು ನನ್ನ ಚಿಗವ್ವ, ತಾಯಿಯ ತಂಗಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಲೇ ನನ್ನನ್ನು ಹಾವೇರಿಯ ಕಾಲೇಜಿಗೆ ಕಳಿಸಿದವಳು. ಚರ್ಚಾಸ್ಪರ್ಧೆಯ ಭಾಷಣವನ್ನು ಮೊದಲು ಅವಳ ಮುಂದೆಯೇ ಒಪ್ಪಿಸುತ್ತಿದ್ದೆ. “ಎದುರಿನವ ಏನಂತಾನ, ಅದನ್ನೂ ಹೇಳು” ಎನ್ನುತ್ತಿದ್ದಳು. ನನ್ನ ಮದುವೆಯಲ್ಲಿ ಫೋಟೋಕ್ಕೆ ಕರೆದಾಗ ಮಾತ್ರ ಅಡುಗೆಮನೆಯ ಬಾಗಿಲಲ್ಲೇ ನಿಂತು ಬರುವುದಿಲ್ಲವೆಂದು ಕೈಯಾಡಿಸಿಬಿಟ್ಟಳು.

ಉಪ್ಪು ಮತ್ತು ಬೆಳ್ಳಿಯ ದ್ರಾವಣ ಸವರಿದ ಕಾಗದದ ಮೇಲೆ, ಬಿಸಿಲಿನಲ್ಲಿ ಚಿತ್ರ ಮೂಡಿಸುವ ಹಳೆಯ ವಿದ್ಯೆಯನ್ನು ಈಚೆಗೆ ಕಲಿತಿದ್ದೇನೆ. ಆ ಚಿತ್ರ ಬೇಗ ಮಾಸುತ್ತದೆ. ಬಂಗಾರದ ದ್ರಾವಣದಲ್ಲಿ ಅದ್ದಿದರೆ ಬಹುಕಾಲ ಬಾಳುತ್ತದೆ. ಬಸುರಿ ಮಗಳ ಕುಬಸದ, ಅಂದರೆ ಸೀಮಂತದ ದಿನ ಚಿಗವ್ವನ ಅಂಥದೊಂದು ಚಿತ್ರ ಪಡಸಾಲೆಯಲ್ಲಿರಬೇಕೆಂದು ನಿಶ್ಚಯಿಸಿದೆ.

“ಗ್ವಾಡಿಗೆ ಹಾಕೂದು ಸತ್ತವರ ಫೋಟೋ. ನನಗಿನ್ನೂ ಟೈಮ್ ಐತಿ.”

“ಹಂಗಾರ ಮಾಲಿ ಇಲ್ಲದ ಹಾಕೋಣ, ಚಿಗವ್ವ.”

“ಕುಬಸದ ಮನ್ಯಾಗ ನನ್ನ ಮಾರಿ ಯಾಕೋ ತಮ್ಮಾ? ಮಂದಿ ಏನಂದಾರು?”

ನಾನು ವಾದ ಹೂಡುವ ಮೊದಲೇ ಮಗಳು ಅಂದಳು: “ಆಯಿ, ನೀ ಬಾಜೂಕ ಕುಂದ್ರಲಿಲ್ಲಂದ್ರ ನಾನೂ ಕುಬಸದ ಮಣಿ ಮ್ಯಾಲೆ ಕುಂದ್ರಂಗಿಲ್ಲ.”

ಮರುವಾರ ಚಿಗವ್ವ ಸೆರಗಿನ ಗಂಟು ಬಿಚ್ಚಿ ಒಂದು ಬಂಗಾರದ ಗುಂಡು ಕೊಟ್ಟಳು. “ತಾಳಿಯೊಳಗಿಂದು. ಹಾಕ್ಕೊಳ್ಳಾಕ ಬರಂಗಿಲ್ಲ, ಮಾರಾಕ ಮನಸಿಲ್ಲ. ನಿನ್ನ ನೀರಿಗೆ ಹಾಕು.”

ರಾಣೆಬೆನ್ನೂರಿನ ಪತ್ತಾರರು ಅದನ್ನು ಶುದ್ಧ ಮಾಡಿಕೊಟ್ಟರು. ಹಾವೇರಿಯಲ್ಲಿ ರಸಾಯನಶಾಸ್ತ್ರ ಕಲಿಸುವ ಗೆಳೆಯರು ಆಮ್ಲದಲ್ಲಿ ಕರಗಿಸಿ ದ್ರಾವಣ ಮಾಡಿದರು. ಇಬ್ಬರಿಗೂ ನಾನು ಋಣಿ.

ಚಿಗವ್ವನ ಫೋಟೋ ತೆಗೆದು, ಅದರ ನೆಗೆಟಿವನ್ನು ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದೆ. ಕೆಂಪಾಗಿ ಮೂಡಿದ ಚಿತ್ರವನ್ನು ತೊಳೆದು, ನೆರಳಿನಲ್ಲಿ ಬಂಗಾರದ ನೀರಿಗಿಳಿಸಿದೆ. ಕೆಂಪು ನಿಧಾನವಾಗಿ ನೇರಳೆಗೆ ತಿರುಗಿತು. ಪಕ್ಕದಲ್ಲೇ ಕೂತಿದ್ದ ಚಿಗವ್ವ ನಕ್ಕಳು: “ಒಣಮೆಣಸಿನಕಾಯಿ ಇದ್ದಾಕಿ ಬದನಿಕಾಯಿ ಆಗಾಕತ್ತೇನಲ್ಲೋ.”

ಆಮೇಲೆ ಹೈಪೋ ನೀರು. ಬೆಳಕು ಮುಟ್ಟದೆ ಉಳಿದ ಬೆಳ್ಳಿಯನ್ನು ಅದು ತೆಗೆಯಬೇಕು. ಇಲ್ಲದಿದ್ದರೆ ಚಿತ್ರ ನಿಲ್ಲುವುದಿಲ್ಲ. ಅದರಲ್ಲಿ ಇಳಿಸುತ್ತಲೇ ಮುಖ ತೆಳುವಾಯಿತು. ಅವಳ ನಗು ನಿಂತಿತು.

“ಇಲ್ಲೂ ಸರದು ನಿಂತೆ ನೋಡು.”

ಒಣಗಿದರೆ ಬಣ್ಣ ಮರಳುತ್ತದೆಂದು ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ. ಕೊಟ್ಟ ಗುಂಡು ಒಂದೇ, ಮತ್ತೆ ಕೇಳುವಂತಿರಲಿಲ್ಲ. ಅನೇಕ ಸಲ ನೀರು ಬದಲಿಸಿ ತೊಳೆದು, ಹಗ್ಗಕ್ಕೆ ಕ್ಲಿಪ್ ಹಾಕಿ ಬಿಟ್ಟೆ. ಸಂಜೆಯ ಹೊತ್ತಿಗೆ ಕಾಗದ ಒಣಗಿ, ಕಣ್ಣುಗಳು ಗಾಢವಾದವು, ಗಲ್ಲದ ಗೆರೆಗಳು ಮರಳಿದವು. ಚಿಗವ್ವ ಬಹಳ ಹೊತ್ತು ನೋಡಿದಳು.

“ಕುಂಕುಮಿಲ್ಲದ ಬರೇ ಹಣಿನೂ ಚಲೋ ಕಾಣತೈತಿ,” ಎಂದಳು.

ಕುಬಸದ ದಿನ ಆ ಚಿತ್ರ ಮಾಲೆಯಿಲ್ಲದೆ ಪಡಸಾಲೆಯಲ್ಲಿತ್ತು. ಕೆಲವರು ಮುಖ ತಿರುವಿದರು. ಅವರಿಗೆ ಕೊಡಲೆಂದು ನಾನು ಕಟ್ಟಿಟ್ಟುಕೊಂಡಿದ್ದ ಉತ್ತರಗಳು ಬೇಕಾಗಲಿಲ್ಲ. ಫೋಟೋದವನು ಕರೆಯುತ್ತಲೇ ಚಿಗವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಮಗಳ ಪಕ್ಕದಲ್ಲಿ ಕೂತಳು. ನನಗೆ ಮಾತು ಕಲಿಸಿದವಳು ಅಂದು ಮಾತಿಲ್ಲದೆಯೇ ಗೆದ್ದಳು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಮುಂದಿನ ಶುಭಕಾರ್ಯದಲ್ಲಿ, ಫೋಟೋ ತೆಗೆಯುವ ಮೊದಲು ಅಡುಗೆಮನೆಯ ಬಾಗಿಲತ್ತ ನೋಡಿ. ಅಲ್ಲಿ ನಿಂತವಳನ್ನು ಕೈಹಿಡಿದು ಕರೆತಂದು ನಡುವೆ ಕೂರಿಸಿ.